ಅಪ್ಪನ ಹೆಸರಿನ ತುತ್ತು

ಶಹಾಪುರ
15-9-1997

ಮೌನಿಯ ಅಪ್ಪನಿಗೆ ದೇವಕಿಯ ನಮಸ್ಕಾರಗಳು.

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೆ? ನಾರಾಯಣಪುರದ ಡ್ಯಾಮಿನ ಮೇಲೆ ಗಾಳಿ ಜೋರಂತೆ. ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ, ಚಂದ ಕಾಣುವುದಿಲ್ಲವೆಂದು ಹಟ ಮಾಡಬೇಡಿ. ಅಲ್ಲಿ ನಿಮ್ಮ ಚಂದ ನೋಡುವವರು ಯಾರಿದ್ದಾರೆ! ನೀವು ಗೇಟು ಎತ್ತಿ ಬಿಟ್ಟ ನೀರು ನಮ್ಮ ಕಾಲುವೆಗೆ ಬಂದಿದೆ. ಸಂಜೆ ಬಿಸಿಲಿಗೆ ಹೊಳೆಯುತ್ತಾ ಹೋಗುವ ಅದನ್ನು ನೋಡುತ್ತಾ ನಿಂತರೆ, ನಿಮ್ಮನ್ನು ಕಂಡು ಬಂದ ನೀರು ಎನಿಸಿ ಮನೆಗೆ ಹೋಗಲು ಮನಸ್ಸೇ ಬರುವುದಿಲ್ಲ.

ಮೌನಿಯನ್ನು ದವಾಖಾನೆಗೆ ಕರೆದೊಯ್ದಿದ್ದೆ. ಐದು ವರ್ಷದ ಮಗುವಿಗೆ ಈ ತೂಕ ಬಹಳ ಹೆಚ್ಚು, ಸ್ವಲ್ಪ ಓಡಿದರೂ ಏದುಸಿರು ಬರುವುದು ಅದಕ್ಕೇ ಎಂದರು ಡಾಕ್ಟರಮ್ಮ. "ಕೂಸಿನ್ನ ಉಪಾಸ ಕೆಡವಬ್ಯಾಡ್ರಿ. ಮನಿಮಂದಿ ಎಲ್ಲಾರೂ ಊಟ ಬದಲ ಮಾಡ್ರಿ, ಕೂಡಿ ನಡೀರಿ" ಎಂದರು. ಅತ್ತೆಯವರ ಪದ್ಧತಿ ನಿಮಗೆ ಗೊತ್ತಲ್ಲ. ಮಗುವಿನ ಹೊಟ್ಟೆ ತುಂಬಿದ ಮೇಲೆಯೇ ಅವರು ತಿನ್ನಿಸುವ ತುತ್ತು ಶುರು, ಊರಲ್ಲಿಲ್ಲದವರ ಹೆಸರಿನಲ್ಲಿ. ಅಪ್ಪನದೊಂದು, ಸುರಪುರದ ಚಿಗವ್ವನದೊಂದು, ಸೈದಾಪುರದ ಕಾಕಾನದೊಂದು. ಕಾಲುವೆ ಬಂದ ಮೇಲೆ ಮನೆಯಲ್ಲಿ ಅನ್ನಕ್ಕೇನು ಬರವೇ, ಅದಕ್ಕೆ ತುಪ್ಪ, ಸಕ್ಕರೆ ಬೇರೆ. ಮಗು ಬೇಡವೆಂದರೆ, "ಅಪ್ಪ ಉಪಾಸ ಮಲಗ್ಲೇನು?" ಅಷ್ಟು ಕೇಳಿದ ಮೇಲೆ ಯಾವ ಮಗಳು ಬಾಯಿ ತೆರೆಯುವುದಿಲ್ಲ?

ನಾನು ಬೇಡವೆಂದದ್ದಕ್ಕೆ ಅತ್ತೆಯವರು ಮಾತು ಬಿಟ್ಟರು. ಆಮೇಲೆ ಒಂದು ಬೆಳಿಗ್ಗೆ ತಾವೇ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೇರಿಸಿ, "ನಂಗೂ ರೊಟ್ಟಿನೇ ಹಾಕು" ಎಂದರು. ಈಗ ಮೂವರೂ ರೊಟ್ಟಿ, ಪಲ್ಯ, ಬೇಳೆ ತಿಂದು ಕಾಲುವೆ ದಂಡೆಗೆ ಹೋಗುತ್ತೇವೆ. ತುತ್ತಿನ ಬದಲು ನಿಮ್ಮ ಹೆಸರಿನಲ್ಲಿ ಸೇತುವೆಯವರೆಗೆ ನಡಿಗೆ. ಭತ್ತದ ಹಸಿರಿನ ಮೇಲೆ ಬೆಳ್ಳಕ್ಕಿಗಳು ಏಳುತ್ತವೆ, ಮೌನಿ ಅವುಗಳ ನೆರಳನ್ನು ತುಳಿಯಲು ಓಡುತ್ತಾಳೆ. ಕನಸಿನಲ್ಲಿ ನಡೆದ ಹಾಗೆ ಇರುತ್ತದೆ. ನೀವೂ ಇದ್ದಿದ್ದರೆ ಎಂದು ದಿನಾ ಅನಿಸುತ್ತದೆ.

ಅತ್ತೆಯವರ ಆಶೀರ್ವಾದವನ್ನೂ ಮೌನಿಯ ಮುತ್ತನ್ನೂ ಇದರಲ್ಲೇ ಮಡಚಿ ಇಟ್ಟಿದ್ದೇನೆ.

ನಿಮ್ಮ
ದೇವಕಿ

ತಾ.ಕ.: ಟಪಾಲಿನವ ಬರುವ ಹೊತ್ತಾಯಿತು. ನಿನ್ನೆ ಮೌನಿ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಅತ್ತಳು. "ಅಪ್ಪನ ತುತ್ತು ಈಗ ಯಾರೂ ತಿನ್ನವಲ್ರು. ಅಪ್ಪಗ ಹಸಿವಾಗಂಗಿಲ್ಲೇನವ್ವಾ?" ಆ ಅರ್ಧ ನಿಮಗಂತೆ. ನಾವು ಹೇಳಿದರೆ ನಂಬುತ್ತಿಲ್ಲ. ನೀವೇ ದೊಡ್ಡ ಅಕ್ಷರದಲ್ಲಿ ಬರೆಯಿರಿ, ನನ್ನ ಊಟ ನಾನೇ ಉಣ್ಣುತ್ತೇನೆ, ಹೊಟ್ಟೆ ತುಂಬಿದೆ ಎಂದು. ಬರೆಯುವ ಮೊದಲು ಮಾತ್ರ ನಿಜವಾಗಿ ಉಣ್ಣಿ. ಮಗಳಿಗೆ ಸುಳ್ಳು ಬರೆಯಬೇಡಿ.