ಫೀಸು ಕಟ್ಟುವ ಮೊದಲೇ ಬರಬೇಕಿತ್ತಂತೆ

ಸರ್ಕಾರಿ ಶಿಕ್ಷಣ ಸಾಲ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಅಕ್ಷರ ಸೊಟ್ಟಗಿದೆ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸಿ. ಐದನೇ ಕ್ಲಾಸಿನ ನಂತರ ನಾನು ಬರೆದದ್ದಕ್ಕಿಂತ ಹೊಲಿದದ್ದೇ ಹೆಚ್ಚು. ಪತ್ರಿಕೆಯವರು ತಿದ್ದಿ ಅಚ್ಚು ಹಾಕಿದರೆ ಅದು ಅವರ ದೊಡ್ಡತನ. ನನ್ನ ದೂರು ಇಷ್ಟೆ. ನನ್ನ ತಂಗಿ ಖಾಸಗಿ ಸಾಲ ಪಡೆದು ಮೊದಲ ವರ್ಷದ ಫೀಸು ಕಟ್ಟಿದಳು. ಆ ಒಂದೇ ಕಾರಣಕ್ಕೆ ಅವಳನ್ನು ಅನುಕೂಲಸ್ಥರ ಮನೆಯ ಹುಡುಗಿ ಎಂದು ತೀರ್ಮಾನಿಸಿ, ಉಳಿದ ಎರಡು ವರ್ಷಕ್ಕೆ ಸರ್ಕಾರಿ ಸಾಲ ಕೊಡುವುದಿಲ್ಲ ಎಂದಿದೆ ನಿಮ್ಮ ಕಚೇರಿ. ಸಾಲ ಮಾಡಿದವರನ್ನು ಶ್ರೀಮಂತರ ಸಾಲಿಗೆ ಸೇರಿಸುವ ಲೆಕ್ಕವನ್ನು ಐದನೇ ಕ್ಲಾಸಿನವರೆಗೆ ನಮಗೆ ಹೇಳಿಕೊಟ್ಟಿರಲಿಲ್ಲ. ಮುಂದಿನ ಕ್ಲಾಸುಗಳಲ್ಲಿ ಬರುತ್ತದೇನೋ.

ನಾನು ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಜಿಪ್ಪು ಬದಲಿಸುವುದು, ಕಿತ್ತ ಹಿಡಿಕೆ ಹೊಲಿಯುವುದು, ಸೂಟ್‌ಕೇಸಿಗೆ ಗಾಲಿ ಹಾಕುವುದು. ಅಮ್ಮ ಒಂದು ದೊಡ್ಡ ಕಟ್ಟಡದ ನೆಲ ಒರೆಸುತ್ತಾಳೆ. ಅಪ್ಪ ಇಲ್ಲ. ತಂಗಿಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನಲ್ಲಿ ಸೀಟು ಸಿಕ್ಕಿತು. ಮೂರು ವರ್ಷ ಓದಿದರೆ ರಕ್ತ ಪರೀಕ್ಷೆ ಮಾಡುವ ಕೆಲಸ. ಕಾಲೇಜಿಗೆ ಸೇರಿಸುವ ದಿನ ನಾವು ಮೂವರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋದೆವು. ಒಳಗೆ ಹೋಗುತ್ತಲೇ ಎಡಗಡೆಗೆ ಒಂದು ಮೇಜು, ಫ್ಯಾನು, ನಾಲ್ಕು ಕುರ್ಚಿ. ಅದು ಖಾಸಗಿ ಸಾಲದವರದು. ಬಲಗಡೆಯ ಗೋಡೆಯ ಮೇಲೆ ನಿಮ್ಮ ಬೋರ್ಡು, ಅದರಲ್ಲಿ ಬಾಣದ ಗುರುತು. ಬಾಣ ತೋರಿಸುತ್ತಿದ್ದ ಕಡೆ ಒಂದು ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಮುರಿದ ಬೆಂಚುಗಳ ರಾಶಿ.

ನಾನು ಬೋರ್ಡನ್ನು ಕೂಡಿಸಿಕೊಂಡು ಓದಿದೆ. ಅಮ್ಮ ಕೈ ಹಿಡಿದು ಎಳೆದಳು.

"ಅದು ಸರ್ಕಾರೀದು ಕಣೆ. ಗತಿ ಇಲ್ದೋರಿಗೆ. ನೀನು ಸರ್ಕಾರಿ ಸ್ಕೂಲಲ್ಲಿ ಓದಿ ಏನಾದೆ ಅಂತ ನೋಡಿದೀವಲ್ಲ. ಇವ್ಳಿಗಾದ್ರೂ ಒಳ್ಳೇದು ಕೊಡಿಸೋಣ."

ಮಾನ್ಯರೇ, ಇದನ್ನು ದಯವಿಟ್ಟು ಎರಡು ಸಲ ಓದಿ. ನಾವು ಖಾಸಗಿ ಸಾಲ ತೆಗೆದುಕೊಂಡದ್ದು ಸೊಕ್ಕಿಗಲ್ಲ, ಪ್ರೀತಿಗೆ. ಸೋರುವ ಶಾಲೆ ನಿಮ್ಮದು. ಬಾಗಿಲಿಲ್ಲದ ಕಕ್ಕಸು ನಿಮ್ಮದು. ಅಪ್ಪನನ್ನು ಮಲಗಿಸಲು ಜಾಗವಿಲ್ಲದೆ ವರಾಂಡದಲ್ಲಿ ಕೂರಿಸಿದ ಆಸ್ಪತ್ರೆಯೂ ನಿಮ್ಮದು. ಕೈಯಲ್ಲಿ ನಾಲ್ಕು ಕಾಸಿದ್ದರೆ ಖಾಸಗಿಗೆ ಹೋಗು, ಇಲ್ಲದಿದ್ದರೆ ಸರ್ಕಾರಿಗೆ ಹೋಗು ಎಂದು ನಮಗೆ ಕಲಿಸಿದ್ದು ಯಾರು? ನಾವಾಗಿಯೇ ಕಲಿತದ್ದೇ ಇದು? ನಿಮ್ಮ ಮನೆಯ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂದು ಕೇಳುವಷ್ಟು ಧೈರ್ಯ ನನಗಿಲ್ಲ, ಕೇಳುವುದಿಲ್ಲ. ಆದರೆ ಇಷ್ಟು ವರ್ಷ ಕಲಿಸಿದ ಮೇಲೆ, ಈ ಒಂದು ವಿಷಯದಲ್ಲಿ ಮಾತ್ರ ಸರ್ಕಾರದ್ದೇ ಚಿನ್ನದಂಥದ್ದು ಎಂದು ನಮಗೆ ಕನಸು ಬೀಳಬೇಕಿತ್ತೆ?

ಮೇಜಿನ ಹಿಂದೆ ಕೂತಿದ್ದ ಹುಡುಗಿ "ಕೂತ್ಕೊಳಿ ಆಂಟಿ, ನೀರು ಕುಡೀರಿ" ಎಂದಳು. ಅಮ್ಮನಿಗೆ ಯಾವ ಕಚೇರಿಯಲ್ಲೂ ಯಾರೂ ಕುರ್ಚಿ ಕೊಟ್ಟಿರಲಿಲ್ಲ, ಅವಳು ಅಲ್ಲೇ ಸೋತಳು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಜಾಮೀನಿಗೆ ನಾನು ಸಹಿ ಹಾಕಿದೆ. ಆ ಹುಡುಗಿ ಸುಳ್ಳು ಹೇಳಲಿಲ್ಲ. ಓದುವಾಗ ಪ್ರತಿ ತಿಂಗಳು "ಸ್ವಲ್ಪ" ಕಟ್ಟಬೇಕು ಎಂದಳು. ಆ ಸ್ವಲ್ಪ ಬರೀ ಬಡ್ಡಿ, ಅಸಲು ಇದ್ದ ಹಾಗೇ ಇರುತ್ತದೆ ಎಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೇಳಬೇಕೆಂದು ನನ್ನ ಬಾಯಿಗೆ ಬಂದಿತ್ತು. ಹತ್ತು ಜನರೆದುರು ದಡ್ಡಿಯಾಗುತ್ತೇನೆಂದು ನುಂಗಿಕೊಂಡೆ.

ವರ್ಷದ ಕೊನೆಗೆ ತಂಗಿಯ ಗೆಳತಿಯೊಬ್ಬಳಿಂದ ನಮಗೆ ನಿಜ ತಿಳಿಯಿತು. ನಿಮ್ಮ ಸಾಲಕ್ಕೆ ಓದು ಮುಗಿಯುವವರೆಗೆ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದಂತೆ. ಕೆಲಸ ಸಿಕ್ಕಿ ಒಂದು ವರ್ಷದ ಮೇಲೆ ಕಂತು ಶುರುವಂತೆ. ಜಾಮೀನೂ ಬೇಡವಂತೆ. ಹಾಸ್ಟೆಲ್ ಖರ್ಚು ಮಾತ್ರ ಅದರಲ್ಲಿ ಬರುವುದಿಲ್ಲ, ಬೇಕಾದವರು ಅಷ್ಟಕ್ಕೆ ಮಾತ್ರ ಆಮೇಲೆ ಖಾಸಗಿ ಸಾಲ ಪಡೆಯಬಹುದು. ಅಂದರೆ ಮೊದಲು ಮೆಟ್ಟಿಲು ಹತ್ತಬೇಕು, ಕಡಿಮೆ ಬಿದ್ದರೆ ಇಳಿದು ಬಂದು ಕುರ್ಚಿಯಲ್ಲಿ ಕೂರಬೇಕು. ನಾವು ತಲೆಕೆಳಗು ಮಾಡಿದ್ದೆವು. ಇಂಥ ಒಳ್ಳೆಯ ಸಾಲವನ್ನು ಮುರಿದ ಬೆಂಚುಗಳ ಹಿಂದೆ ಅಡಗಿಸಿಡಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಮರುದಿನವೇ ನಾನೂ ಅಮ್ಮನೂ ಆ ಮೆಟ್ಟಿಲು ಹತ್ತಿ ನಿಮ್ಮ ಕಚೇರಿಗೆ ಬಂದೆವು. ಕಿಟಕಿಯಲ್ಲಿದ್ದ ಗುಮಾಸ್ತರು ಕಾಗದ ನೋಡಿ ತಲೆಯಾಡಿಸಿದರು.

"ಫೀಸ್ ಕಟ್ಟೋಕೆ ಮೊದ್ಲೇ ಬರ್ಬೇಕಿತ್ತಮ್ಮ. ಕಟ್ಟಿದೀರಾ ಅಂದ್ರೆ ನಿಮಗೆ ಶಕ್ತಿ ಇದೆ ಅಂತ ಅರ್ಥ."

"ಸಾಲ ತಂದು ಕಟ್ಟಿದ್ದು ಸ್ವಾಮಿ."

"ಸಾಲ ಕೊಟ್ಟಿದಾರೆ ಅಂದ್ರೆ ತೀರಿಸೋ ಶಕ್ತಿ ಇದೆ ಅಂತಾನೇ ಅಲ್ವಾ? ಅಲ್ಲೇ ಬೋರ್ಡ್ ಹಾಕಿದ್ವಲ್ಲ. ನೋಡ್ಲಿಲ್ವಾ ನೀವು?"

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು, "ನೋಡಿದ್ವಪ್ಪ. ನೋಡೇ ಆ ಕಡೆ ಹೋಗಿದ್ದು."

ಹಿಂದೆ ನಿಂತಿದ್ದವರು ನಕ್ಕರು. ಗುಮಾಸ್ತರೂ ನಕ್ಕರು, ಆಮೇಲೆ ಕಾಗದ ಹಿಂದಕ್ಕೆ ತಳ್ಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ನಿಯಮ ಬರೆದದ್ದು ಅವರಲ್ಲ. ಬರೆದವರು ಒಳಗೆಲ್ಲೋ ಇರುತ್ತೀರಿ, ನಿಮ್ಮವರೆಗೆ ಕಿಟಕಿಯಿಂದ ದನಿ ಮುಟ್ಟುವುದಿಲ್ಲ.

ಈಗ ಕಂತು ಎರಡು ದಿನ ತಡವಾದರೂ ಅಂಗಡಿಗೆ ಖಾಸಗಿ ಸಾಲದವರ ಫೋನು ಬರುತ್ತದೆ. ನಮ್ಮ ಸಾಹುಕಾರರನ್ನು ಎಲ್ಲರೂ ಜಿಪ್ ಮಾವ ಎನ್ನುತ್ತಾರೆ. ಮೊದಮೊದಲು ಅವರು "ಯಾರಮ್ಮ ಅದು, ಇಷ್ಟು ಪ್ರೀತಿಯಿಂದ ವಿಚಾರಿಸ್ಕೊಳ್ಳೋನು? ಒಂದ್ಸಲ ಊಟಕ್ಕಾದ್ರೂ ಕರಿ" ಎಂದು ತಮಾಷೆ ಮಾಡುತ್ತಿದ್ದರು. ಈಗ ಮಾಡುವುದಿಲ್ಲ. ಫೋನು ಬಂದರೆ ಎದ್ದು ಹೊರಗೆ ಹೋಗಿ ನಿಲ್ಲುತ್ತಾರೆ. ತಮಾಷೆಯೇ ವಾಸಿಯಿತ್ತು.

ಇದನ್ನೆಲ್ಲ ತಂಗಿ ನೋಡುತ್ತಿದ್ದಾಳೆ. ಮೊನ್ನೆ "ಅಕ್ಕಾ, ಎರಡನೇ ವರ್ಷ ಬೇಡ ಬಿಡು. ನಂಗೂ ಜಿಪ್ ಹಾಕೋದು ಹೇಳ್ಕೊಡು" ಎಂದಳು. ನಾನು "ಸೂಜಿ ಕಂಡ್ರೆ ಕಣ್ಣು ಮುಚ್ಕೊಳ್ತಿದ್ದೋಳು ನೀನು" ಎಂದೆ. "ಈಗ ದಿನಾ ಜನಕ್ಕೆ ಚುಚ್ತೀನಿ ಕಣೆ, ಭಯ ಹೋಗಿದೆ" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಓದು ಅರ್ಧಕ್ಕೆ ಬಿಟ್ಟರೂ ಸಾಲ ಪೂರ್ತಿ ಉಳಿಯುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದ್ದರೆ ಸಾಲದ ಭಯಕ್ಕೆ ಓದುತ್ತಿದ್ದಳು. ಅವಳು ಹಾಗೆ ಓದುವುದು ನನಗೆ ಬೇಡ.

ಆದ್ದರಿಂದ ಕೇಳುತ್ತೇನೆ. ನಮ್ಮ ಹಳೆಯ ಸಾಲವನ್ನು ಮನ್ನಾ ಮಾಡಿ ಎಂದಲ್ಲ, ಅದನ್ನು ನಾನು ಹೊಲಿದು ತೀರಿಸುತ್ತೇನೆ. ಉಳಿದ ಎರಡು ವರ್ಷಕ್ಕೆ ತಂಗಿಗೆ ಮತ್ತು ಅವಳಂಥವರಿಗೆ ನಿಮ್ಮ ಸಾಲ ಕೊಡಿ. ಸಾಲವನ್ನು ಆಸ್ತಿ ಎಂದು ಎಣಿಸುವ ಆ ಸಾಲನ್ನು ನಿಯಮದಿಂದ ಹೊಡೆದುಹಾಕಿ. ಎರಡನೇ ವರ್ಷದ ಫೀಸಿಗೆ ಈ ತಿಂಗಳ ಕೊನೆಯವರೆಗೆ ಗಡುವಿದೆ, ಅದರೊಳಗೆ ಉತ್ತರ ಬೇಕು. ಮುಂದಿನ ಸಲ ಮಕ್ಕಳನ್ನು ಸೇರಿಸಿಕೊಳ್ಳುವ ದಿನ ನಿಮ್ಮವರೂ ಕೆಳಗಿಳಿದು ಬರಲಿ, ಖಾಸಗಿಯವರ ಪಕ್ಕದಲ್ಲೇ ಮೇಜು ಹಾಕಲಿ, ಯಾವ ಸಾಲಕ್ಕೆ ಬಡ್ಡಿ ಯಾವಾಗಿಂದ ಎಂದು ಬಾಯಿಬಿಟ್ಟು ಹೇಳಲಿ. ಅಮ್ಮಂದಿರಿಗೆ ಕುರ್ಚಿ ಇರಲಿ. ಇದಕ್ಕೆಲ್ಲ ಬಹಳ ಖರ್ಚಾಗುತ್ತದೆಯೇ?

ಇವತ್ತು ಬೆಳಿಗ್ಗೆ ತಂಗಿ ಪುಸ್ತಕ ಮನೆಯಲ್ಲೇ ಬಿಟ್ಟು ನನ್ನ ಜೊತೆ ಅಂಗಡಿಗೆ ಹೊರಟಿದ್ದಳು. ನಾನು ಒಳಗೆ ಹೋಗಿ ಪುಸ್ತಕ ತಂದು ಅವಳ ಕೈಗಿಟ್ಟೆ, ಕಾಲೇಜಿನ ಬಸ್ಸು ಹತ್ತಿಸಿದೆ. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟಾಳೆಂದು ಅಲ್ಲಿಯವರೆಗೂ ಬಸ್ಸಿನ ಹಿಂದೆಯೇ ನಡೆದು ಹೋಗಿ ನೋಡಿ ಬಂದೆ. ಅಲ್ಲಿ ಅವಳು ಇಳಿದಿರಲಿಲ್ಲ.

ಇಂತಿ,
ಕಿಟಕಿಯಲ್ಲಿ ಕೇಳಲಾಗದ್ದನ್ನು ಕಾಗದದಲ್ಲಿ ಕೇಳಿದ
ಬ್ಯಾಗ್ ರಿಪೇರಿಯವಳು