ಅರವತ್ತೊಂದು ಸಹಿ, ಹತ್ತು ನಿಮಿಷ

ಬಸವೇಶ್ವರನಗರ
ಬುಧವಾರ, 12 ಮಾರ್ಚ್ 2025

ಪ್ರೀತಿಯ ರಕ್ಷಾ,

ಫೋನಿನಲ್ಲಿ ಹೇಳಹೊರಟರೆ ನೀನು ನಗುತ್ತೀಯ, ನಾನು ಜಗಳಕ್ಕೆ ನಿಲ್ಲುತ್ತೇನೆ. ಅದಕ್ಕೇ ಕಾಗದ. ನಾಳೆ ಬೆಳಿಗ್ಗೆ ಅತ್ತಿಗುಪ್ಪೆಗೆ ಬಂದು ನಿಮ್ಮ ಮನೆ ಗೇಟಿಗೆ ಸಿಕ್ಕಿಸಿ ಹೋಗುತ್ತೇನೆ.

ನಾವಿಬ್ಬರೂ ಶುರುಮಾಡಿದ ಓದುಮನೆಯ ಕಂಪ್ಯೂಟರಿನಲ್ಲಿ ವಿಶ್ವವಿದ್ಯಾಲಯದ ಆನ್‌ಲೈನ್ ಗ್ರಂಥಾಲಯ ಮತ್ತೆ ತೆರೆಯುತ್ತಿಲ್ಲ. 'ನಿಮ್ಮ ಬ್ರೌಸರ್ ಹಳೆಯದು' ಎಂಬ ಅದೇ ಸಾಲು. ಅನುಮತಿ ಸಿಕ್ಕಿರುವುದು ಈ ಒಂದೇ ಯಂತ್ರಕ್ಕೆ. ಅನಂತಲಕ್ಷ್ಮಿ ಆಂಟಿ ಸೋಮವಾರ ಎಂ.ಎ. ಪ್ರಬಂಧ ಒಪ್ಪಿಸಬೇಕು, ಇನ್ನೂ ಮೂರು ಲೇಖನ ಓದುವುದಿದೆ. ತಪ್ಪಿದರೆ ಒಂದು ವರ್ಷ ಹೋಯಿತು. ನಲವತ್ತೆಂಟನೇ ವಯಸ್ಸಿನಲ್ಲಿ, ಹೊಲಿಗೆ ಮಷೀನಿನ ಪಕ್ಕ ಪುಸ್ತಕ ಇಟ್ಟುಕೊಂಡು ಓದಿದವರು.

ನನ್ನ ನಿಲುವು ಬದಲಾಗಿಲ್ಲ. ಜ್ಞಾನ ಎಲ್ಲರ ಸ್ವತ್ತು. ಹೊಸ ಯಂತ್ರ ಕೊಳ್ಳಬಲ್ಲವರಿಗಷ್ಟೇ ಬಾಗಿಲು ತೆಗೆಯುವ ಗ್ರಂಥಾಲಯವನ್ನು ಪ್ರಶ್ನಿಸಲೇಬೇಕು. ಅದಕ್ಕೇ ಹೋದ ಸಲ ಹೀಗಾದಾಗ ನಾಲ್ಕು ದಿನ ಮೆಟ್ರೋ ಮೆಟ್ಟಿಲ ಬಳಿ ಬಿಸಿಲಲ್ಲಿ ನಿಂತು ಮನವಿಗೆ ಅರವತ್ತೊಂದು ಸಹಿ ಹಾಕಿಸಿದೆ. ಐದನೇ ದಿನ ನೀನು ಬಂದೆ. ಒಂದು ಕೈಯಲ್ಲಿ ಮಜ್ಜಿಗೆ ಲೋಟ, ಇನ್ನೊಂದರಲ್ಲಿ ಮೌಸ್. ಆ ಹಳೇ ಯಂತ್ರಕ್ಕೂ ಒಗ್ಗುವ ಬೇರೊಂದು ಬ್ರೌಸರ್ ಹುಡುಕಿ ಹಾಕಿದೆ. ಹತ್ತೇ ನಿಮಿಷ.

ಆಂಟಿ ಕುಣಿಯುವುದೊಂದು ಬಾಕಿ. "ರಕ್ಷಾ, ನೀನು ಬಂಗಾರ ಕಣೇ! ಈ ನೀಲಾ ನೋಡು, ಸಹಿ ಹಾಕ್ಸಿ ಹಾಕ್ಸಿ ನನ್ ಪೆನ್ನೇ ಖಾಲಿ ಮಾಡಿದ್ಲು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ನೀನು ಹೋರಾಟ ಮಾಡು, ಬೇಡ ಅನ್ನಲ್ಲ ಕಣೇ. ಅಷ್ಟರಲ್ಲಿ ಆಂಟಿ ಓದ್ಕೊಳ್ಲಿ" ಎಂದೆ ನೀನು. ಸರಿಯಾದ ಮಾತು. ಸಹಿಸಲಾಗದೇ ಹೋದದ್ದೂ ಅದೇ. ಎರಡು ವರ್ಷದಿಂದ ದಿನಾ ಬಾಗಿಲು ತೆಗೆದು ಕಸ ಗುಡಿಸುವವಳು ನಾನು, ಬಂಗಾರ ನೀನು.

ಇರಲಿ. ಯಂತ್ರ ಹಳೆಯದು, ಏನಾಯಿತೋ ಗೊತ್ತಿಲ್ಲ. ನಾಳೆ ಸಂಜೆಯೊಳಗೆ ಬಂದು ನೋಡು.

ಇನ್ನೂ ನಿನ್ನ ಗೆಳತಿಯೇ ಆಗಿರುವ,
ನೀಲಾ

ತಾ.ಕ.: ಯಂತ್ರದ ಮೇಲೆ ಸುಮ್ಮನೆ ಗೂಬೆ ಕೂರಿಸಿದೆ. ಮೊನ್ನೆ ಆಂಟಿ ಊಟಕ್ಕೆ ಹೋದಾಗ ಆ ಬ್ರೌಸರನ್ನು ತೆಗೆದುಹಾಕಿದವಳು ನಾನೇ. ಮತ್ತೆ ಹಾಕಲು ಎರಡು ದಿನ ಒದ್ದಾಡಿದೆ, ಬರಲಿಲ್ಲ. ಈಗಷ್ಟೇ ಆಂಟಿಗೆ ಎಲ್ಲ ಹೇಳಿ ಬಂದೆ. ಅವರು ಬೈಯಲೂ ಇಲ್ಲ. "ರಕ್ಷಾ ಯಾವಾಗ್ ಬರ್ತಾಳಂತೆ?" ಎಂದಷ್ಟೇ ಕೇಳಿದರು. ಆಣೆಗೂ ಹೇಳುತ್ತೇನೆ, ಆಗಲೂ ನನಗೆ ಹೊಟ್ಟೆಕಿಚ್ಚಾಯಿತು.