ತೇಯ್ದ ವರಹ

ಗುಬ್ಬಿ
೯ ಜನವರಿ ೨೦೨೫

ಚಿ. ಸೌ. ಮಧುಶ್ರೀಗೆ ಅಮ್ಮನ ಆಶೀರ್ವಾದ. ಇಂಪನಾಳ ಎರಡೂ ಕೆನ್ನೆಗೆ ಮುತ್ತು. ಅಳಿಯಂದಿರಿಗೆ ಶರಣು.

ಫೋನಿನಲ್ಲಿ ಈ ಮಾತೆತ್ತಿದರೆ ನೀನು ಅಳುತ್ತೀಯ, ನಾನು ರೇಗುತ್ತೇನೆ. ಅದಕ್ಕೇ ಕಾಗದ. ದತ್ತು ತಗೊಂಡ ಮಗುವಿಗೋಸ್ಕರ ಮನೆಯಲ್ಲಿ ಜಗಳ ಬೇಡ, ವರಹ ತೇಯುವುದೂ ಬೇಡ ಅಂದೆಯಲ್ಲ, ಆ ಮಾತು ನನಗೆ ಹಿಡಿಸಲಿಲ್ಲ ಕಣೇ.

ಮೈಸೂರು ಅರಸರ ಕಾಲದ ಆ ಚಿನ್ನದ ವರಹ ನಮ್ಮ ದೇವರ ಮನೆಯಲ್ಲಿರುವುದು ಬರೀ ಪೂಜೆಗಲ್ಲ. ಮನೆಗೆ ಮಗು ಬಂದರೆ ಕಲ್ಲಿನ ಮೇಲೆ ಜೇನುತುಪ್ಪ ಬಿಟ್ಟು, ಅದನ್ನು ತೇಯ್ದು ನಾಲಿಗೆಗೆ ಮುಟ್ಟಿಸುವುದಕ್ಕೆ. ಶಿವ-ಪಾರ್ವತಿಯರು ಕೂತಿರುವ ಕಡೆಯನ್ನೇ ತೇಯಬೇಕು, ದೇವರು ಮಗುವಿನ ಹೊಟ್ಟೆ ಸೇರಲಿ ಅಂತ. ನಿಮ್ಮ ಅಪ್ಪ ನೆಕ್ಕಿದ್ದೂ ಅದನ್ನೇ, ನೀನು ನೆಕ್ಕಿದ್ದೂ ಅದನ್ನೇ. ಪಾಪ, ಸವೆದು ಸವೆದು ಆ ಶಿವ-ಪಾರ್ವತಿಯರಿಗೆ ಈಗ ಕಣ್ಣಿಲ್ಲ, ಮೂಗಿಲ್ಲ.

ಹೋದ ವಾರ ನಿಮ್ಮ ಚಿಕ್ಕಪ್ಪ ಮಹಾಲಿಂಗಯ್ಯ ವರಹದ ಬೆಲೆ ಕೇಳಿ ಬರೋಣ ಅಂತ ನನ್ನನ್ನು ತುಮಕೂರಿಗೆ ಹೊರಡಿಸಿದ. ಶಿರಾ ಗೇಟ್ ಹತ್ತಿರ ಹಳೇ ನಾಣ್ಯ ಕೊಳ್ಳುವವರೊಬ್ಬರಿದ್ದಾರೆ. ಅವರು ಭೂತಗನ್ನಡಿ ಹಿಡಿದು ನೋಡಿ, ದೇವರ ಕಡೆ ಸವೆಸಿ ಹಾಳು ಮಾಡಿದ್ದೀರಲ್ಲ ಅಂತ ಗದರಿದರು. ತಿರುಗಿಸಿದ ಮೇಲೆ ಭೂತಗನ್ನಡಿ ಒರೆಸಿಕೊಂಡು ಇನ್ನೊಂದು ಸಲ ನೋಡಿದರು. ಮಹಾರಾಜರ ಹೆಸರಿನ ಅಕ್ಷರಗಳನ್ನು ಹಾಗೆ ಜೋಡಿಸಿದ ವರಹ ಅವರ ಕೈಗೆ ಇದುವರೆಗೂ ಬಂದಿಲ್ಲವಂತೆ. ಆ ಅಕ್ಷರ ಹೀಗೇ ಇದ್ದರೆ ಯಾವತ್ತು ಬೇಕಾದರೂ ಕೊಳ್ಳುತ್ತೇನೆ, ಗೀರು ಬಿದ್ದರೆ ಮಾತ್ರ ನನಗೆ ಬೇಡ ಅಂದರು. ನನಗಂತೂ ಎದೆ ಉಬ್ಬಿಹೋಯಿತು. ಅಂಥದ್ದನ್ನು ನಾವು ತೇಯ್ದು ತೇಯ್ದು ಮಕ್ಕಳಿಗೆ ನೆಕ್ಕಿಸಿದ್ದೇವೆ, ಯಾವ ಸಾಹುಕಾರರ ಮನೆಯಲ್ಲಿ ಉಂಟು ಹೇಳು!

ಬಸ್ಸಿನಲ್ಲಿ ಚಿಕ್ಕಪ್ಪ ಶುರು ಹಚ್ಚಿಕೊಂಡ. ಮಾರ್ಬುಡಾಣ ಅತ್ಗೆ, ಯಾರೋ ಹೆತ್ತಿರೋ ಮಗೂಗೆ ನಮ್ಮನೆ ವರಹ ಯಾಕೆ, ಅದೂ ಹಲ್ಲು ಬಂದಿರೋ ಮಗೂಗೆ ಅಂದ. ನನಗೆ ಉರಿದುಹೋಯಿತು. ನಾನೂ ಯಾರೋ ಹೆತ್ತೋಳೇ ಕಣಯ್ಯ, ಬೇರೆ ಮನೆಯಿಂದ ಬಂದೋಳೇ, ನಿನ್ನ ಮಕ್ಕಳಿಗೆ ತೇಯ್ದು ನೆಕ್ಸಿದ್ದು ಇದೇ ಕೈ ಅಲ್ವಾ ಅಂದೆ.

ಅಷ್ಟಕ್ಕೇ ಬಿಟ್ಟ ಅಂದುಕೊಳ್ಳಬೇಡ. ಭಾನುವಾರ ಆ ನಾಣ್ಯದವರನ್ನು ಮನೆಗೇ ಕರೆಸುತ್ತಾನಂತೆ. ಬರಲಿ, ಕಾಫಿ ಕೊಟ್ಟು ಕಳಿಸುತ್ತೇನೆ. ಇಂಪನಾ ಈ ಮನೆಯ ಮೊಮ್ಮಗಳು. ನೀನು ತಲೆ ತಗ್ಗಿಸಿ ಮಾತಾಡುವುದನ್ನು ಮೊದಲು ಬಿಡು.

ನಿನ್ನ ಅಮ್ಮ,
ಉಮಾಮಹೇಶ್ವರಿ

ತಾ. ಕ.: ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಮೊನ್ನೆ ಮಂಗಳವಾರ ಕುಣಿಗಲ್‌ಗೆ ಬಂದಿದ್ದೆನಲ್ಲ, ನೀನು ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ತೇಯ್ದು ನೆಕ್ಕಿಸಿಬಿಟ್ಟೆ. ಬೆರಳು ಕಚ್ಚಿದಳು, ಕಳ್ಳಿ. ಈ ಸಲ ಬೇಕೆಂತಲೇ ಅಕ್ಷರದ ಕಡೆ ತೇಯ್ದೆ. ಮಹಾರಾಜರ ಹೆಸರಿನ ಮೇಲೆಲ್ಲ ಗೀರು. ಇನ್ನು ಯಾರು ಬಂದು ಕೊಳ್ಳುತ್ತಾರೋ ನಾನೂ ನೋಡುತ್ತೇನೆ.